ಲಂಡನ್‌ನಿಂದ ಪ್ಯಾರಿಸ್‌ಗೆ ಸೈಕಲ್: ತಯಾರಿ ಬೇಕಾಗಿರೋದು ಮೂರನೇ ದಿನದ ಬೆಳಗ್ಗೆಗೆ

ಪುಣೆ, ಮುಂಬೈ, ಹೈದರಾಬಾದ್, ಚೆನ್ನೈ, ದೆಹಲಿ, ನೀವು ಎಲ್ಲೇ ಕೆಲಸ ಮಾಡ್ತಿರಿ, ಒಂದಲ್ಲ ಒಂದು ದಿನ ಆಫೀಸಿನಲ್ಲಿ ಇಂಥ ಮೇಲ್ ಬರುತ್ತೆ. ಲಂಡನ್ ಆಫೀಸಿನವರು ಒಂದು ಚಾರಿಟಿಗೋಸ್ಕರ ಲಂಡನ್‌ನಿಂದ ಪ್ಯಾರಿಸ್‌ವರೆಗೆ ಸೈಕಲ್ ತುಳೀತಿದ್ದಾರೆ, ಇಂಡಿಯಾ ಟೀಮಿನಿಂದ ಯಾರಾದ್ರೂ ಸೇರ್ತೀರಾ ಅಂತ. ಐಫೆಲ್ ಟವರ್ ಮುಂದೆ ಸೈಕಲ್ ಎತ್ತಿ ಹಿಡಿದ ಫೋಟೋ ಕಣ್ಮುಂದೆ ಬರುತ್ತೆ. "ಐ ಆ್ಯಮ್ ಇನ್" ಅಂತ ರಿಪ್ಲೈ ಹೋಗುತ್ತೆ. ಆಮೇಲೆ ಶುರುವಾಗುತ್ತೆ ಪ್ರಶ್ನೆ: ತಯಾರಿ ಅಂದ್ರೆ ಏನು ಮಾಡ್ಬೇಕು?

ಪುಣೆಯಿಂದ ನಾಲ್ಕು ಜನ, ಚೆನ್ನೈಯಿಂದ ಒಬ್ಬರು, ಲಂಡನ್‌ನಿಂದ ಇಬ್ಬರು, ಹೀಗೆ ಏಳು ಜನ ನಾವು ಈ ದಾರಿಯಲ್ಲಿ ಹೋಗಿ ಬಂದ್ವಿ. ನಮ್ಮಲ್ಲಿ ಯಾರೂ ಕ್ರೀಡಾಪಟುಗಳಲ್ಲ. ದಿನಕ್ಕೆ ಒಂಬತ್ತು ಗಂಟೆ ಕುರ್ಚಿ ಮೇಲೆ ಕೂರೋ ಜನ. ಆದ್ದರಿಂದ ಇವತ್ತಿನ ಮಾತು ನಮ್ಮಂಥವರಿಗೇ. ಸೈಕಲ್ ಬಗ್ಗೆ ಮಾತ್ರ ಅಲ್ಲ, ವೀಸಾ ಬಗ್ಗೆ, ಜೊತೆಯವರ ಬಗ್ಗೆ, ಮತ್ತೆ ಎಲ್ಲರೂ ಕೊನೆಗೆ ತಳ್ಳಿಬಿಡೋ ದುಡ್ಡಿನ ವಿಷಯದ ಬಗ್ಗೆ ಕೂಡ.

ಪೀಕ್ ಲೋಡ್ ಅಲ್ಲ, ಸಸ್ಟೈನ್ಡ್ ಲೋಡ್

ಮೊದಲು ದಾರಿ ನೋಡೋಣ. ಲಂಡನ್–ಪ್ಯಾರಿಸ್ ನಡುವೆ ಜನ ಹೆಚ್ಚಾಗಿ ಹೋಗೋ ದಾರಿ ಎರಡು. ಒಂದು, ಕೆಂಟ್ ಪ್ರಾಂತ್ಯದ ಮೂಲಕ ಡೋವರ್ ಬಂದರಿಗೆ ಹೋಗಿ, ಅಲ್ಲಿಂದ ಸುಮಾರು ಒಂದೂವರೆ ಗಂಟೆಯ ಫೆರ್ರಿಯಲ್ಲಿ ಕ್ಯಾಲೆ ತಲುಪಿ, ಉತ್ತರ ಫ್ರಾನ್ಸಿನ ಬಯಲು ದಾಟಿ ಪ್ಯಾರಿಸ್ ಸೇರೋದು. ಇದು ಹತ್ತಿರ ಹತ್ತಿರ 480 ಕಿಲೋಮೀಟರ್, ಸಾಮಾನ್ಯವಾಗಿ ನಾಲ್ಕು ದಿನ. ಚಾರಿಟಿ ರೈಡ್‌ಗಳು ಹೆಚ್ಚಾಗಿ ಇದನ್ನೇ ಆರಿಸ್ತವೆ. ಇನ್ನೊಂದು ಅವೆನ್ಯೂ ವೆರ್ಟ್, ಅಂದ್ರೆ ಹಸಿರು ದಾರಿ. 2012ರಲ್ಲಿ, ಲಂಡನ್ ಒಲಿಂಪಿಕ್ಸ್ ವರ್ಷ, ಇದನ್ನು ಅಧಿಕೃತವಾಗಿ ತೆರೆದರು. ಇಲ್ಲಿ ನ್ಯೂಹೇವನ್‌ನಿಂದ ಡಿಯೆಪ್‌ಗೆ ಸುಮಾರು ನಾಲ್ಕು ಗಂಟೆಯ ಫೆರ್ರಿ. ಡಿಯೆಪ್ ದಾಟಿದ ಮೇಲೆ ಫೋರ್ಜ್-ಲೆ-ಝೋ ಅನ್ನೋ ಊರಿನವರೆಗೆ, ಹಳೇ ರೈಲು ಹಳಿ ಕಿತ್ತ ಜಾಗದಲ್ಲಿ ಮಾಡಿದ ಸೈಕಲ್ ಹಾದಿ ಸಿಗುತ್ತೆ. ಕಾರು, ಲಾರಿ ಕಾಟ ಇಲ್ಲ, ಏರು ಕೂಡ ಕಡಿಮೆ.

ಡೋವರ್ ದಾರಿಯಲ್ಲಿ ದಿನಕ್ಕೆ ಸರಾಸರಿ 120 ಕಿಲೋಮೀಟರ್ ಬೀಳುತ್ತೆ. ಗಂಟೆಗೆ 20 ಕಿಲೋಮೀಟರ್ ವೇಗ ಅಂದ್ರೂ ಆರು ಗಂಟೆ ಸೀಟಿನ ಮೇಲೆ. ಊಟ, ನೀರು, ಪಂಕ್ಚರ್ ಎಲ್ಲ ಸೇರಿ ಎಂಟರಿಂದ ಒಂಬತ್ತು ಗಂಟೆ. ಒಂದು ಶಿಫ್ಟ್ ಅಂದ್ಕೊಳ್ಳಿ.

ಈಗ ಮುಖ್ಯವಾದ ಮಾತು. ಒಂದು ದಿನ 120 ಕಿಲೋಮೀಟರ್ ತುಳಿಯೋದು ಅಂಥ ದೊಡ್ಡ ವಿಷಯ ಅಲ್ಲ. ಎರಡು ತಿಂಗಳು ಅಭ್ಯಾಸ ಮಾಡಿದ ಆರೋಗ್ಯವಂತರು ಬಹುಪಾಲು ಮಾಡ್ತಾರೆ. ಎರಡನೇ ದಿನ ಹುಮ್ಮಸ್ಸಿನಲ್ಲೇ ಮುಗಿದುಹೋಗುತ್ತೆ. ಕಷ್ಟ ಇರೋದು ಮೂರನೇ ದಿನದ ಬೆಳಗ್ಗೆ. ಮಂಡಿ ಬಿಗಿದಿರುತ್ತೆ, ಕೂರೋ ಜಾಗ ಉರೀತಿರುತ್ತೆ, ನಿದ್ದೆ ಸಾಲದು, ಬ್ರೆಡ್ ಕಂಡ್ರೆ ಸಾಕಪ್ಪ ಅನ್ನಿಸುತ್ತೆ, ಪ್ಯಾರಿಸ್ ಇನ್ನೂ ದೂರ ಇರುತ್ತೆ. ನಮ್ಮ ಭಾಷೇಲಿ ಹೇಳೋದಾದ್ರೆ ಇದು ಪೀಕ್ ಲೋಡ್ ಸಮಸ್ಯೆ ಅಲ್ಲ, ಸಸ್ಟೈನ್ಡ್ ಲೋಡ್ ಸಮಸ್ಯೆ. ಒಂದು ಗಂಟೆ ಹೆಚ್ಚು ಟ್ರಾಫಿಕ್ ತಡ್ಕೊಂಡ ಸರ್ವರ್, ನಾಲ್ಕು ದಿನ ಸತತ ಓಡಿದಾಗ ಮೆಮೊರಿ ಲೀಕ್ ಆಗಿ ಬೀಳುತ್ತಲ್ಲ, ಹಾಗೆ. ಆದ್ದರಿಂದ ಮುಂದೆ ಹೇಳೋದೆಲ್ಲ ಒಂದೇ ಪ್ರಶ್ನೆಗೆ ಉತ್ತರ: ಮೂರನೇ ದಿನ ಬೆಳಗ್ಗೆ ನೀವು ಮತ್ತೆ ಸೈಕಲ್ ಹತ್ತೋ ಸ್ಥಿತಿಯಲ್ಲಿ ಇರೋದು ಹೇಗೆ?

ಹದಿನಾರು ವಾರ

ದಿನ ಬಿಟ್ಟು ದಿನ ಜಿಮ್‌ಗೆ ಹೋಗ್ತೀನಿ ಅನ್ನೋದು ಸಾಲದು. ಸೈಕಲ್‌ಗೆ ಸೈಕಲ್ಲೇ ಅಭ್ಯಾಸ. ಶುರು ಮಾಡೋ ಮುಂಚೆ ಒಂದ್ಸಲ ಡಾಕ್ಟರನ್ನ ಕಾಣಿ. ಮೂವತ್ತೈದು ದಾಟಿ, ಬಿಪಿ, ಶುಗರ್ ಇದ್ದು, ಮನೇಲಿ ಯಾರಿಗಾದ್ರೂ ಚಿಕ್ಕ ವಯಸ್ಸಿನಲ್ಲಿ ಹೃದಯದ ತೊಂದರೆ ಬಂದಿದ್ರೆ ಇದನ್ನ ಬಿಡಲೇಬೇಡಿ. ನಮ್ಮ ದಕ್ಷಿಣ ಏಷ್ಯಾದವರಲ್ಲಿ ಹೃದಯದ ಕಾಯಿಲೆ ಬೇರೆಯವರಿಗಿಂತ ಬೇಗ ಬರುತ್ತೆ ಅನ್ನೋದು ಗೊತ್ತಿರೋ ಸಂಗತಿ.

ಮೊದಲ ನಾಲ್ಕು ವಾರ: ವಾರದ ಮಧ್ಯೆ ಎರಡು ದಿನ 45 ನಿಮಿಷ, ಭಾನುವಾರ 30ರಿಂದ 40 ಕಿಲೋಮೀಟರ್. ವೇಗ ನೋಡ್ಬೇಡಿ. ತುಳೀತಾ ಪಕ್ಕದವರ ಹತ್ತಿರ ಪೂರ್ತಿ ವಾಕ್ಯದಲ್ಲಿ ಮಾತಾಡೋಕೆ ಆಗ್ತಿದ್ರೆ ಸರಿಯಾದ ವೇಗ. ಒಂದೊಂದೇ ಪದ ಬರ್ತಿದ್ರೆ ಜಾಸ್ತಿಯಾಯ್ತು ಅಂತ ಅರ್ಥ.

ಐದರಿಂದ ಎಂಟನೇ ವಾರ: ಭಾನುವಾರದ ದೂರವನ್ನ ನಿಧಾನವಾಗಿ 70–80ಕ್ಕೆ ಏರಿಸಿ. ಒಂದು ವಾರದಿಂದ ಇನ್ನೊಂದು ವಾರಕ್ಕೆ ದೊಡ್ಡ ಜಿಗಿತ ಬೇಡ. ಪ್ರತಿ ನಾಲ್ಕನೇ ವಾರ ದೂರ ಇಳಿಸಿ ದೇಹಕ್ಕೆ ಬಿಡುವು ಕೊಡಿ. ದೇಹ ಗಟ್ಟಿಯಾಗೋದು ತುಳಿಯುವಾಗ ಅಲ್ಲ, ತುಳಿದು ಮಲಗಿದಾಗ.

ಒಂಬತ್ತರಿಂದ ಹದಿನಾಲ್ಕನೇ ವಾರ: ಇದೇ ಈ ತಯಾರಿಯ ಜೀವಾಳ. ಈಗ ಶನಿವಾರ, ಭಾನುವಾರ ಎರಡೂ ದಿನ ತುಳೀಬೇಕು. ಮೊದಲು 60 ಮತ್ತು 50, ಆಮೇಲೆ 90 ಮತ್ತು 70, ಕೊನೆಗೆ 110 ಮತ್ತು 90. ಶನಿವಾರ ಒಂದೇ ದಿನ 150 ಹೊಡೆದು ಭಾನುವಾರ ಮಲಗೋದಕ್ಕಿಂತ, ಎರಡು ದಿನ ಸೇರಿಸಿ 160 ತುಳಿದವರು ಫ್ರಾನ್ಸಿನಲ್ಲಿ ಚೆನ್ನಾಗಿರ್ತಾರೆ. ಭಾನುವಾರ ಬೆಳಗ್ಗೆ ಐದಕ್ಕೆ ಅಲಾರಂ ಹೊಡೆದಾಗ ನೋಯೋ ತೊಡೆ ಇಟ್ಕೊಂಡು ಎದ್ದೇಳೋದು ಇದೆಯಲ್ಲ, ಮೂರನೇ ದಿನದ ರಿಹರ್ಸಲ್ ಅದೇ. ಎಲ್ಲಾದರೂ ಶುಕ್ರವಾರ ಅಥವಾ ಸೋಮವಾರ ರಜೆ ಸಿಕ್ಕಿ ಮೂರು ದಿನ ಸಾಲಾಗಿ ಬಂದ್ರೆ, ಅದನ್ನ ಹಾಳು ಮಾಡ್ಬೇಡಿ.

ಕೊನೆಯ ಹತ್ತು ಹದಿನೈದು ದಿನ ದೂರ ಅರ್ಧಕ್ಕೆ ಇಳಿಸಿ. ಆ ಹೊತ್ತಿಗೆ ಭಯಕ್ಕೆ ಬಿದ್ದು ಜಾಸ್ತಿ ತುಳಿದರೆ ಲಾಭ ಇಲ್ಲ, ಸುಸ್ತು ಮಾತ್ರ ಜೊತೆಗೆ ವಿಮಾನ ಹತ್ತುತ್ತೆ.

ನಿಮ್ಮ ತಯಾರಿ ಎಲ್ಲಿದೆ ಅಂತ ಹೊರಗಿನವರ ಗಡಿಯಾರದಲ್ಲಿ ಪರೀಕ್ಷೆ ಮಾಡ್ಕೋಬೇಕು ಅಂದ್ರೆ ಆಡಾಕ್ಸ್ ಇಂಡಿಯಾದ ಬ್ರೆವೆಗಳಿವೆ. 200 ಕಿಲೋಮೀಟರ್ ಬ್ರೆವೆಗೆ ಹದಿಮೂರೂವರೆ ಗಂಟೆ ಕೊಡ್ತಾರೆ. ಅದು ರೇಸ್ ಅಲ್ಲ. ಊಟ, ವಿಶ್ರಾಂತಿ ಎಲ್ಲ ಸೇರಿ ಗಂಟೆಗೆ 15 ಕಿಲೋಮೀಟರ್ ಸಿಕ್ಕಿದ್ರೆ ಆಯ್ತು. ನಮ್ಮ ದೊಡ್ಡ ನಗರಗಳಲ್ಲೆಲ್ಲ ಇದು ನಡೆಯುತ್ತೆ.

ಎಲ್ಲಿ ತುಳಿಯೋದು? ಹೈದರಾಬಾದಿನವರು ಅದೃಷ್ಟವಂತರು. ಔಟರ್ ರಿಂಗ್ ರೋಡ್ ಪಕ್ಕ 2023ರಲ್ಲಿ ತೆರೆದ 23 ಕಿಲೋಮೀಟರ್ ಸೈಕಲ್ ಹಾದಿ ಇದೆ, ತಲೆ ಮೇಲೆ ಸೋಲಾರ್ ಫಲಕಗಳ ನೆರಳು. ಚೆನ್ನೈಯವರಿಗೆ ಮಹಾಬಲಿಪುರದ ಕಡೆ ಹೋಗೋ ಈಸ್ಟ್ ಕೋಸ್ಟ್ ರೋಡ್ ಇದೆ. ಅಲ್ಲಿನ ಸಮುದ್ರದ ಎದುರುಗಾಳಿ ಉತ್ತರ ಫ್ರಾನ್ಸಿಗೆ ಒಳ್ಳೆಯ ಮೇಷ್ಟ್ರು. ಪುಣೆಯವರಿಗೆ ಕಾತ್ರಜ್ ಘಾಟ್, ಸಿಂಹಗಡ ಸಾಕು. ಮುಂಬೈಯವರಿಗೆ ನವಿ ಮುಂಬೈ ಕಡೆಯ ಪಾಮ್ ಬೀಚ್ ರೋಡಿನ ಬೆಳಗಿನ ಜಾವ. ದೆಹಲಿಯವರು ಚಳಿಗಾಲದಲ್ಲಿ ಗಾಳಿಯ ಗುಣಮಟ್ಟ ನೋಡಿ ಹೊರಗೆ ಹೋಗಿ. ಹೊಗೆ ದಟ್ಟವಾದ ದಿನ ಜೋರಾಗಿ ಉಸಿರೆಳೆಯೋ ವ್ಯಾಯಾಮ ಹೊರಗೆ ಬೇಡ. ಹಬ್ಬಕ್ಕೆ ಊರಿಗೆ ಹೋದಾಗ ಬೆಂಗಳೂರಿನವರಿಗೆ ನಂದಿಬೆಟ್ಟ ಇದ್ದೇ ಇದೆ. ಇಂಥ ರೈಡ್‌ಗಳು ಸಾಮಾನ್ಯವಾಗಿ ಮೇಯಿಂದ ಸೆಪ್ಟೆಂಬರ್ ಒಳಗೆ ನಡೆಯೋದ್ರಿಂದ, ಜುಲೈ ಆಮೇಲಿನ ರೈಡ್ ಆದ್ರೆ ಪುಣೆ, ಮುಂಬೈಯವರ ಕೊನೆಯ ವಾರಗಳು ಮಳೆಗೆ ಸಿಗ್ತವೆ. ಆಗ ಮನೆಯೊಳಗಿನ ಟ್ರೇನರ್ ಮೇಲೆ ಸೈಕಲ್ ಸಿಕ್ಕಿಸಿ, ಎದುರಿಗೊಂದು ಫ್ಯಾನ್ ಇಟ್ಟು ತುಳಿಯೋದೇ ದಾರಿ. ಆದ್ರೆ ಒಂದೆರಡು ದಿನ ಬೇಕಂತಲೇ ತುಂತುರು ಮಳೆಯಲ್ಲೂ ಹೋಗಿ ಬನ್ನಿ. ಇಂಗ್ಲೆಂಡಿನ ಬೇಸಿಗೆ ಅಂದ್ರೆ ಮಳೆ ಇರಲ್ಲ ಅಂತ ಅಲ್ಲ.

28,000 ಸಲ ಓಡೋ ಲೂಪ್

ನಿಮಿಷಕ್ಕೆ 80 ಸಲ ಪೆಡಲ್ ತಿರುಗುತ್ತೆ ಅಂದ್ಕೊಳ್ಳಿ. ಆರು ಗಂಟೆಗೆ 28,800 ಸಲ. ಸೀಟಿನ ಎತ್ತರ ಒಂದು ಸೆಂಟಿಮೀಟರ್ ಹೆಚ್ಚುಕಮ್ಮಿ ಇದ್ರೆ ಆ ಚಿಕ್ಕ ಬಗ್ ದಿನಕ್ಕೆ 28,000 ಸಲ ನಿಮ್ಮ ಮಂಡಿಯಲ್ಲಿ ರನ್ ಆಗುತ್ತೆ. ಸರಳ ನಿಯಮ: ಸೀಟಿನ ಮೇಲೆ ಕೂತು ಹಿಮ್ಮಡಿಯನ್ನ ಪೆಡಲ್ ಮೇಲಿಟ್ಟು ಪೂರ್ತಿ ಕೆಳಗೆ ತಂದಾಗ ಕಾಲು ನೇರ ಆಗ್ಬೇಕು. ಆಗ ಪಾದದ ಮುಂಭಾಗದಲ್ಲಿ ತುಳಿಯುವಾಗ ಮಂಡಿ ಸ್ವಲ್ಪ ಬಾಗಿರುತ್ತೆ. ಮಂಡಿಯ ಮುಂಭಾಗ ನೋವು ಬಂದ್ರೆ ಹೆಚ್ಚಾಗಿ ಸೀಟು ತಗ್ಗಾಗಿದೆ ಅಂತ, ಹಿಂಭಾಗ ನೋವು ಬಂದ್ರೆ ಎತ್ತರ ಆಗಿದೆ ಅಂತ. ಒಂದ್ಸಲ ಬೈಕ್ ಫಿಟ್ ಮಾಡಿಸಿದ್ರೆ ಆ ದುಡ್ಡು ದಂಡ ಅಲ್ಲ. ಮತ್ತೆ ಭಾರವಾದ ಗೇರ್‌ನಲ್ಲಿ ಗುದ್ದಾಡ್ಬೇಡಿ. ಹಗುರ ಗೇರ್ ಹಾಕಿ ಬೇಗ ಬೇಗ ತುಳೀರಿ, ಮಂಡಿ ಉಳಿಯುತ್ತೆ.

ಇನ್ನೊಂದು, ಮೀಟಿಂಗ್‌ನಲ್ಲಿ ಯಾರೂ ಹೇಳದ ವಿಷಯ: ಕೂರೋ ಜಾಗ. ಇಂಥ ರೈಡ್ ಅರ್ಧಕ್ಕೆ ಬಿಡಿಸೋದು ಎಷ್ಟೋ ಸಲ ಕಾಲಲ್ಲ, ಅದೇ. ಪ್ಯಾಡ್ ಇರೋ ಸೈಕ್ಲಿಂಗ್ ಶಾರ್ಟ್ಸ್ ಹಾಕಿ, ಅದರ ಒಳಗೆ ಒಳಉಡುಪು ಹಾಕ್ಬೇಡಿ. ಒಳಉಡುಪಿನ ಹೊಲಿಗೆಯೇ ಚರ್ಮ ತರಚೋದು. ಕನಿಷ್ಠ ಮೂರು ಜೊತೆ ಇರಲಿ, ದಿನಾ ಒಗೆದದ್ದನ್ನೇ ಹಾಕಿ. ತಿಕ್ಕಾಟ ತಡೆಯೋ ಕ್ರೀಮ್ ಮೊದಲ ದಿನದಿಂದಲೇ ಹಚ್ಚಿ, ಉರಿ ಶುರುವಾದ ಮೇಲಲ್ಲ. ಮೆತ್ತಗಿರೋ ದಪ್ಪ ಜೆಲ್ ಸೀಟು ಅಂಗಡಿಯಲ್ಲಿ ಹಿತ ಅನ್ನಿಸುತ್ತೆ, ಐದನೇ ಗಂಟೆಯಲ್ಲಿ ಅಲ್ಲ. ನಿಮ್ಮ ಕೂರುವ ಎಲುಬಿನ ಅಗಲಕ್ಕೆ ಹೊಂದೋ ಸ್ವಲ್ಪ ಗಟ್ಟಿ ಸೀಟೇ ಮೇಲು. ಹೆಂಗಸರಿಗೆ ಅಗಲ, ಆಕಾರ ಬೇರೆ ಬೇಕಾಗಬಹುದು. ಸಂಕೋಚ ಬಿಟ್ಟು ಅಭ್ಯಾಸದ ದಿನಗಳಲ್ಲೇ ಬದಲಾಯಿಸಿ ನೋಡಿ. ಸೈಕಲನ್ನ ಅಲ್ಲೇ ಬಾಡಿಗೆಗೆ ತಗೊಳ್ಳೋದಾದ್ರೂ ನಿಮ್ಮ ಸೀಟು ಮತ್ತು ಪೆಡಲ್ ಇಲ್ಲಿಂದಲೇ ಒಯ್ಯಿರಿ. ಸೂಟ್‌ಕೇಸಿನಲ್ಲಿ ಅರ್ಧ ಅಡಿ ಜಾಗ ಹೋಗುತ್ತೆ, ನಾಲ್ಕು ದಿನ ಉಳಿಯುತ್ತೆ.

ಬಾಡಿಗೆ ಸೈಕಲ್ ಅಂದಾಗ ಒಂದು ಎಚ್ಚರ. ಇಂಗ್ಲೆಂಡಿನಲ್ಲಿ, ನಮ್ಮಲ್ಲಿರೋ ಹಾಗೇ, ಬಲಗೈ ಬ್ರೇಕ್ ಮುಂದಿನ ಚಕ್ರದ್ದು. ಫ್ರಾನ್ಸಿನ ಸೈಕಲ್‌ಗಳಲ್ಲಿ ಸಾಮಾನ್ಯವಾಗಿ ಎಡಗೈಯದು ಮುಂದಿನ ಚಕ್ರದ್ದು. ಇಳಿಜಾರಿನಲ್ಲಿ ಗಾಬರಿಯಾಗಿ ಹಿಡಿದಾಗ ಈ ವ್ಯತ್ಯಾಸ ನೆನಪಿಗೆ ಬರಲ್ಲ, ಮೊದಲೇ ಕೈಗೆ ಅಭ್ಯಾಸ ಇರ್ಬೇಕು.

ಊಟದ ವಿಷಯ. ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಒಳಗೆ ಹೋಗ್ತಿರ್ಬೇಕು. ಒಂದು ಬಾಳೆಹಣ್ಣಿನಲ್ಲಿ ಸುಮಾರು 25 ಗ್ರಾಂ ಇರುತ್ತೆ. ಹಸಿವಾದ ಮೇಲೆ ತಿಂದ್ರೆ ತಡವಾಯ್ತು. ಮೊದಲ ಗಂಟೆಯಿಂದಲೇ ಅಷ್ಟಷ್ಟು ತಿನ್ನಿ. ಖರ್ಜೂರ, ಚಿಕ್ಕಿ, ಜಾಮ್ ಬ್ರೆಡ್, ಯಾವುದು ನಿಮ್ಮ ಹೊಟ್ಟೆಗೆ ಒಗ್ಗುತ್ತೆ ಅನ್ನೋದನ್ನ ಇಲ್ಲೇ ಕಂಡುಕೊಳ್ಳಿ. ಗಂಟೆಗಟ್ಟಲೆ ಬರೀ ನೀರು ಕುಡೀತಾ ಹೋದ್ರೆ ರಕ್ತದಲ್ಲಿ ಉಪ್ಪಿನಂಶ ಇಳಿಯುತ್ತೆ, ಅದು ಅಪಾಯ. ಓಆರ್‌ಎಸ್ ಪೊಟ್ಟಣ ಜೊತೇಲಿರಲಿ, ಅದರ ಮೇಲೆ ಬರೆದಷ್ಟೇ ನೀರಿಗೆ ಬೆರೆಸಿ.

ಸಸ್ಯಾಹಾರಿಗಳಿಗೆ ಫ್ರಾನ್ಸಿನ ಹಳ್ಳಿಗಳಲ್ಲಿ ಆಯ್ಕೆ ಕಡಿಮೆ. ಮಧ್ಯಾಹ್ನದ ಊಟ ಹನ್ನೆರಡರಿಂದ ಎರಡರೊಳಗೆ, ಆಮೇಲೆ ಅಡುಗೆಮನೆ ಬಂದ್. ಭಾನುವಾರ ಮಧ್ಯಾಹ್ನ ಆದ್ರೆ ಅಂಗಡಿಗಳೂ ಮುಚ್ಚಿರ್ತವೆ. ಬೆಳಗ್ಗೆ ಬ್ರೆಡ್ ಅಂಗಡಿ ತೆರೆದಿರುವಾಗಲೇ ಜೇಬು ತುಂಬಿಸ್ಕೊಳ್ಳಿ. ಚಟ್ನಿಪುಡಿ, ಕೋಡುಬಳೆ, ಹುರಿದ ಅವಲಕ್ಕಿ ಒಯ್ಯಬಹುದು. ಆದ್ರೆ ಹೊರದೇಶದಿಂದ ಯುರೋಪಿಯನ್ ಒಕ್ಕೂಟದೊಳಗೆ ಮಾಂಸ, ಹಾಲು, ತುಪ್ಪದಂಥ ಪದಾರ್ಥ ತರೋ ಹಾಗಿಲ್ಲ. ಅಮ್ಮ ಕೊಟ್ಟ ತುಪ್ಪದ ಬಾಟ್ಲಿ ಮನೆಯಲ್ಲೇ ಇರಲಿ.

ಒಂದು ರೈಡ್, ಎರಡು ವೀಸಾ

ಲಂಡನ್ನಿನ ಸಹೋದ್ಯೋಗಿಗಳಿಗೆ ಇದರ ಕಲ್ಪನೆಯೇ ಇರಲ್ಲ. ಅವರು ಪಾಸ್‌ಪೋರ್ಟ್ ಜೇಬಿಗೆ ಹಾಕ್ಕೊಂಡು ಫೆರ್ರಿ ಹತ್ತುತ್ತಾರೆ. ನಮಗೆ ಬ್ರಿಟನ್ನಿನ ವಿಸಿಟರ್ ವೀಸಾ ಬೇರೆ, ಫ್ರಾನ್ಸಿಗೆ ಷೆಂಗೆನ್ ವೀಸಾ ಬೇರೆ. ಎರಡಕ್ಕೂ ಬೆರಳಚ್ಚು, ಬ್ಯಾಂಕ್ ಸ್ಟೇಟ್‌ಮೆಂಟ್, ಆಫೀಸಿನ ರಜೆ ಪತ್ರ ಬೇಕು. ಷೆಂಗೆನ್‌ಗೆ ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆಯೂ ಬೇಕು.

ಲೆಕ್ಕ ಹೀಗಿದೆ. ಬ್ರಿಟನ್ ವೀಸಾಕ್ಕೆ ಪ್ರಯಾಣದ ಮೂರು ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು, ಸಾಮಾನ್ಯವಾಗಿ ಮೂರು ವಾರದಲ್ಲಿ ತೀರ್ಮಾನ. ಷೆಂಗೆನ್‌ಗೆ ಆರು ತಿಂಗಳ ಮುಂಚಿನಿಂದ ಹಾಕಬಹುದು. ತೀರ್ಮಾನಕ್ಕೆ 15 ದಿನ, ಕೆಲವು ಅರ್ಜಿಗಳಿಗೆ 45 ದಿನದವರೆಗೂ ಹಿಡೀಬಹುದು. ಬೇಸಿಗೆ ರಜೆ ಸಮಯದಲ್ಲಿ ಅಪಾಯಿಂಟ್‌ಮೆಂಟ್ ಸಿಗೋದೇ ಕಷ್ಟ. ಪಾಸ್‌ಪೋರ್ಟ್ ಒಂದೇ, ಅದು ಒಂದೇ ಸಲ ಎರಡು ಕಡೆ ಇರೋಕಾಗಲ್ಲ. ಆದ್ದರಿಂದ ಷೆಂಗೆನ್ ಮೊದಲು ಮುಗಿಸಿ, ಆಮೇಲೆ ಬ್ರಿಟನ್. ಟ್ರೇನಿಂಗ್ ಪ್ಲಾನ್ ಇರೋ ಶೀಟಿನಲ್ಲೇ ಇನ್ನೊಂದು ಕಾಲಂ ವೀಸಾಕ್ಕೆ ಇಡಿ. ಒಂದು ಸಣ್ಣ ವಿಷಯ: ಡೋವರ್‌ನಲ್ಲಿ ಫ್ರೆಂಚ್ ಪೊಲೀಸರ ಪಾಸ್‌ಪೋರ್ಟ್ ತಪಾಸಣೆ ಇಂಗ್ಲೆಂಡಿನ ನೆಲದಲ್ಲೇ, ಫೆರ್ರಿ ಹತ್ತೋ ಮುಂಚೆನೇ ಆಗುತ್ತೆ. ಬೇರೆಯವರಿಗಿಂತ ನಮಗೆ ಹೆಚ್ಚು ಹೊತ್ತು ಹಿಡೀಬಹುದು ಅಂತ ತಂಡಕ್ಕೆ ಮೊದಲೇ ಹೇಳಿಟ್ಟಿರಿ.

ಟ್ರಾವೆಲ್ ಇನ್ಶೂರೆನ್ಸ್‌ನ ಷರತ್ತುಗಳನ್ನ ಪೂರ್ತಿ ಓದಿ. ಎಷ್ಟೋ ಪಾಲಿಸಿಗಳು ಸಾಹಸ ಕ್ರೀಡೆ, ಆಯೋಜಿತ ಕ್ರೀಡಾ ಕಾರ್ಯಕ್ರಮ ಅಂತ ಹೇಳಿ ಹೊರಗಿಟ್ಟಿರ್ತವೆ. ಬಹುದಿನದ ಸೈಕಲ್ ಯಾತ್ರೆಗೆ ಕವರ್ ಇದೆ ಅಂತ ಮೇಲ್‌ನಲ್ಲಿ ಬರೆಸ್ಕೊಳ್ಳಿ.

ಫ್ರಾನ್ಸಿನ ರಸ್ತೆಯ ಬಗ್ಗೆ ಮೂರು ಮಾತು. ಫೆರ್ರಿ ಇಳಿದ ಕ್ಷಣದಿಂದ ಬಲಗಡೆ. ಬೋರ್ಡು, ಗೆರೆ ಏನೂ ಇಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರೋರಿಗೆ ಮೊದಲು ದಾರಿ, ನೀವು ದೊಡ್ಡ ರಸ್ತೆಯಲ್ಲಿ ಇದ್ದೀರಿ ಅನ್ನಿಸಿದ್ರೂ ನಿಲ್ಲಬೇಕು. ಕಿವಿಗೆ ಇಯರ್‌ಫೋನ್ ಹಾಕ್ಕೊಂಡು ಸೈಕಲ್ ಓಡಿಸೋದು ಅಲ್ಲಿ 2015ರಿಂದ ನಿಷಿದ್ಧ, ದಂಡ 135 ಯೂರೋ. ಹಾಡು ಕೇಳ್ತಾನೇ ಅಭ್ಯಾಸ ಮಾಡೋರು ಈಗಿನಿಂದಲೇ ಬಿಟ್ಟುಬಿಡಿ.

ಜೊತೆಯವರು ಅಂದ್ರೆ ಸಹೋದ್ಯೋಗಿಗಳು

ಸ್ನೇಹಿತರ ಜೊತೆ ಹೋಗೋದಕ್ಕೂ ಆಫೀಸಿನವರ ಜೊತೆ ಹೋಗೋದಕ್ಕೂ ವ್ಯತ್ಯಾಸ ಇದೆ. ಸ್ನೇಹಿತನಿಗೆ "ನಿಲ್ಲೋ ಮಾರಾಯ, ಆಗ್ತಿಲ್ಲ" ಅನ್ನಬಹುದು. ಅಪ್ರೈಸಲ್ ಬರೆಯೋ ಮ್ಯಾನೇಜರ್‌ಗೆ ಹಾಗನ್ನೋಕೆ ಬಾಯಿ ಬರಲ್ಲ. ಆಗ ಏನಾಗುತ್ತೆ ಅಂದ್ರೆ, ಮಂಡಿ ನೋಯ್ತಿದ್ರೂ ಹಿಂದೆ ಬೀಳಬಾರದು ಅಂತ ತುಳೀತಾರೆ. ಎರಡನೇ ದಿನ ಅಡಗಿಸಿಟ್ಟ ನೋವು ಮೂರನೇ ದಿನ ವ್ಯಾನ್ ಹತ್ತಿಸುತ್ತೆ.

ಆದ್ದರಿಂದ ನಿಯಮಗಳನ್ನ ಮೊದಲೇ, ಎಲ್ಲರ ಮುಂದೆ, ಹಿರಿಯರ ಬಾಯಿಂದಲೇ ಹೇಳಿಸ್ಬೇಕು. ನಮ್ಮಲ್ಲಿ ನಾಲ್ಕೇ ಇದ್ವು. ಒಂದು, ಸಮತಟ್ಟಿನಲ್ಲಿ ತಂಡದ ವೇಗ ಅಂದ್ರೆ ಅತಿ ನಿಧಾನದವರ ವೇಗ. ಎರಡು, ಏರಿನಲ್ಲಿ ಅವರವರ ವೇಗ, ಮೇಲೆ ಕಾಯೋದು, ಮತ್ತು ಕೊನೆಯವರು ಬಂದ ತಕ್ಷಣ ಹೊರಡೋ ಹಾಗಿಲ್ಲ, ಅವರಿಗೂ ಐದು ನಿಮಿಷ ವಿಶ್ರಾಂತಿ. ಕಾದವರಿಗೆ ಆಗಲೇ ಸುಧಾರಿಸಿಕೊಂಡಾಗಿರುತ್ತೆ, ಬಂದವರಿಗೆ ಇಲ್ಲ, ಇದನ್ನ ಎಲ್ಲರೂ ಮರೀತಾರೆ. ಮೂರು, ಯಾವಾಗಲೂ ಒಬ್ಬ ಅನುಭವಿ ಕಟ್ಟಕಡೆಯಲ್ಲಿ. ನಾಲ್ಕು, ವ್ಯಾನ್ ಹತ್ತೋದು ಸೋಲಲ್ಲ, ಅದರ ಬಗ್ಗೆ ತಮಾಷೆ ಇಲ್ಲ.

ಎದುರುಗಾಳಿ ಬಂದಾಗ ಒಬ್ಬರ ಹಿಂದೆ ಒಬ್ಬರು ಹತ್ತಿರ ಸಾಲಾಗಿ ಹೋದ್ರೆ ಹಿಂದಿನವರಿಗೆ ಶ್ರಮ ಬಹಳ ಕಡಿಮೆ. ಮುಂದಿನ ಜಾಗವನ್ನ ಸರದಿಯಲ್ಲಿ ಬದಲಾಯಿಸ್ತಾ ಹೋಗ್ಬೇಕು. ಇದಕ್ಕೆ ಅಭ್ಯಾಸ ಬೇಕು. ಗುಂಡಿ, ನಿಲ್ಲೋದು, ತಿರುಗೋದು ಎಲ್ಲ ಕೈಸನ್ನೆಯಲ್ಲಿ, ಕೂಗಿ ಹೇಳ್ಬೇಕು. ಬೇರೆ ಬೇರೆ ಊರಿನಲ್ಲಿರೋ ತಂಡ ಒಂದು ಸಲವಾದ್ರೂ ಒಟ್ಟಿಗೆ ಸೇರಿ ಎರಡು ದಿನ ತುಳಿದಿರೋದು ಒಳ್ಳೇದು. ಚಕ್ರಕ್ಕೆ ಚಕ್ರ ತಾಗೋದು ಹೇಗಿರುತ್ತೆ ಅನ್ನೋದನ್ನ ಕ್ಯಾಲೆಯಲ್ಲಿ ಮೊದಲ ಸಲ ಕಲಿಯೋದು ಬೇಡ.

ದುಡ್ಡು ಯಾರದು, ಹೋಗೋದು ಎಲ್ಲಿಗೆ?

ಈಗ ಎಲ್ಲರೂ ಕೊನೆಗೆ ತಳ್ಳೋ ವಿಷಯ. ಇದು ಪ್ರವಾಸ ಆಗಿದ್ರೆ ಇಷ್ಟಕ್ಕೇ ಮುಗೀತಿತ್ತು. ಆದ್ರೆ ಬೇರೆಯವರ ಹತ್ತಿರ ಚಾರಿಟಿ ಅಂತ ದುಡ್ಡು ಕೇಳಿದ ಕೂಡಲೇ ಅದು ಕೊಟ್ಟ ಮಾತಾಗುತ್ತೆ.

ಚಾರಿಟಿ ರೈಡ್‌ಗಳಲ್ಲಿ ಎರಡು ಮಾದರಿ ಇವೆ. ಒಂದರಲ್ಲಿ ಪ್ರವಾಸದ ಖರ್ಚು ಪೂರ್ತಿ ನೀವೇ ಕೊಡ್ತೀರಿ, ಸಂಗ್ರಹಿಸಿದ್ದೆಲ್ಲ ಚಾರಿಟಿಗೆ. ಇನ್ನೊಂದರಲ್ಲಿ ಸಣ್ಣ ನೋಂದಣಿ ಶುಲ್ಕ ಕೊಟ್ಟು, ಇಷ್ಟು ಮೊತ್ತ ಸಂಗ್ರಹಿಸಿಯೇ ತೀರ್ತೀನಿ ಅಂತ ಒಪ್ಕೊಳ್ತೀರಿ. ಆ ಮೊತ್ತದಿಂದಲೇ ನಿಮ್ಮ ಹೋಟೆಲ್, ಫೆರ್ರಿ, ವ್ಯಾನಿನ ಖರ್ಚು ಹೋಗುತ್ತೆ. ಉದಾಹರಣೆಗೆ 1,800 ಪೌಂಡ್ ಸಂಗ್ರಹಿಸಿ, 800 ಖರ್ಚಿಗೆ ಹೋದ್ರೆ, ಕೆಲಸಕ್ಕೆ ಮುಟ್ಟೋದು 1,000. ಇದು ಮೋಸ ಅಲ್ಲ, ಆದ್ರೆ ದುಡ್ಡು ಕೊಡೋರಿಗೆ ಗೊತ್ತಿರ್ಬೇಕು. ನಿಮ್ಮ ಟೀಮಿನ ಹೊಸ ಹುಡುಗ 2,000 ರೂಪಾಯಿ ಕೊಟ್ಟಾಗ, ಅದರಲ್ಲಿ ಒಂದು ಪಾಲು ನಿಮ್ಮ ಪ್ಯಾರಿಸ್ ಹೋಟೆಲ್ಲಿಗೆ ಹೋಗುತ್ತೆ ಅಂತ ಅವನಿಗೆ ಹೇಳೋಕೆ ನಾಚಿಕೆ ಆಗುತ್ತೆ ಅಂದ್ರೆ, ಖರ್ಚು ಕೈಯಿಂದ ಹಾಕೋ ಮಾದರಿಯನ್ನ ಆರಿಸಿ. ನಾವು ಅದನ್ನೇ ಆರಿಸಿದ್ವಿ.

ಭಾರತದಲ್ಲಿ ಕೂತವರಿಗೆ ಇನ್ನೂ ಕೆಲವು ಕಾನೂನಿನ ಮಾತು. ದುಡ್ಡು ನಮ್ಮ ಊರಿನ ಶಾಲೆಗೋ ಆಸ್ಪತ್ರೆಗೋ ಹೋಗಲಿ ಅನ್ನೋ ಆಸೆ ಸಹಜ. ಆದ್ರೆ ಲಂಡನ್ನಿನ ಸಹೋದ್ಯೋಗಿ ಕೊಡೋದು ಹತ್ತು ಪೌಂಡೇ ಆದ್ರೂ ಅದು ವಿದೇಶಿ ದೇಣಿಗೆ. 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ, ಅಂದ್ರೆ ಎಫ್‌ಸಿಆರ್‌ಎ, ಅದಕ್ಕೆ ಅನ್ವಯಿಸುತ್ತೆ. ಆ ಟ್ರಸ್ಟ್‌ಗೆ ಎಫ್‌ಸಿಆರ್‌ಎ ನೋಂದಣಿ ಅಥವಾ ಪೂರ್ವಾನುಮತಿ ಇರ್ಬೇಕು. 2020ರ ತಿದ್ದುಪಡಿಯ ನಂತರ ಆ ದುಡ್ಡು ಬರ್ಬೇಕಾದ್ದು ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಗೆ. "ನನ್ನ ಅಕೌಂಟಿಗೆ ಹಾಕಿ, ನಾನು ಕೊಡ್ತೀನಿ" ಅನ್ನೋದು ಬೇಡವೇ ಬೇಡ. ವಿದೇಶದಲ್ಲಿದ್ರೂ ಭಾರತದ ಪಾಸ್‌ಪೋರ್ಟ್ ಇರೋರು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟಿದ್ದು ವಿದೇಶಿ ದೇಣಿಗೆ ಅಲ್ಲ. ಆದ್ರೆ ಓಸಿಐ ಕಾರ್ಡ್ ಇಟ್ಟುಕೊಂಡು ಬ್ರಿಟಿಷ್ ಪಾಸ್‌ಪೋರ್ಟ್ ಇರೋ ನಿಮ್ಮ ಕಸಿನ್ ಕೊಟ್ಟಿದ್ದು ವಿದೇಶಿ ದೇಣಿಗೆಯೇ.

ಹಾಗಾಗಿ ಸರಳ ದಾರಿ ಎರಡು ಬುಟ್ಟಿ. ಲಂಡನ್ನಿನವರು ಅಲ್ಲಿನ ನೋಂದಾಯಿತ ಚಾರಿಟಿಗೆ ಕೊಡಲಿ. ಅಲ್ಲಿ ತೆರಿಗೆ ಕಟ್ಟೋರು ಗಿಫ್ಟ್ ಏಡ್ ಅಂತ ಟಿಕ್ ಹಾಕಿದ್ರೆ ಪ್ರತಿ ಪೌಂಡಿಗೆ ಸರ್ಕಾರದಿಂದ 25 ಪೆನ್ಸ್ ಹೆಚ್ಚುವರಿ ಸೇರುತ್ತೆ. ಇಲ್ಲಿನವರು ಇಲ್ಲಿನ ಟ್ರಸ್ಟ್‌ಗೆ ನೇರವಾಗಿ, ರಸೀದಿ ತಗೊಂಡು ಕೊಡಲಿ. ನಮಗೆಲ್ಲ 80ಜಿ ಅಂತ ಗೊತ್ತಿರೋ ತೆರಿಗೆ ವಿನಾಯಿತಿ ಸಿಗೋದು ಹಳೇ ತೆರಿಗೆ ಪದ್ಧತಿ ಆರಿಸಿದವರಿಗೆ ಮಾತ್ರ. 2,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ರೆ ಅದೂ ಇಲ್ಲ. ವಿದೇಶದ ಚಾರಿಟಿಗೆ ಕೊಟ್ಟಿದ್ದಕ್ಕೂ ಇಲ್ಲ.

ಕಂಪನಿ ಸಿಎಸ್‌ಆರ್ ದುಡ್ಡಿನಿಂದ ನಮ್ಮನ್ನ ಕಳಿಸುತ್ತಾ ಅಂತ ಕೆಲವರು ಕೇಳ್ತಾರೆ. ಆಗಲ್ಲ. ಮ್ಯಾರಥಾನ್‌ನಂಥ ಒಂದು ಸಲದ ಕಾರ್ಯಕ್ರಮಗಳ ಖರ್ಚು ಸಿಎಸ್‌ಆರ್ ಅಲ್ಲ ಅಂತ ಕಂಪನಿ ವ್ಯವಹಾರಗಳ ಸಚಿವಾಲಯ 2014ರಲ್ಲೇ ಸ್ಪಷ್ಟಪಡಿಸಿದೆ. ತನ್ನ ನೌಕರರಿಗಷ್ಟೇ ಪ್ರಯೋಜನ ಆಗೋ ಖರ್ಚೂ ಅದರಲ್ಲಿ ಬರಲ್ಲ. ಕಂಪನಿ ತನ್ನ ಬೇರೆ ಬಜೆಟ್ಟಿನಿಂದ ಕೊಟ್ರೆ ಅದು ಬೇರೆ ಮಾತು.

ಕೇಳೋ ರೀತಿಯ ಬಗ್ಗೆ ಕೂಡ ಒಂದು ಮಾತು. ಟೀಮ್ ಲೀಡ್ ತನ್ನ ಕೆಳಗೆ ಕೆಲಸ ಮಾಡೋರ ವಾಟ್ಸಾಪ್ ಗುಂಪಿನಲ್ಲಿ "ನೀವೆಲ್ಲ ಕೊಡ್ತೀರಿ ಅಂತ ಗೊತ್ತು" ಅಂತ ಹಾಕಿದ್ರೆ ಅದು ದೇಣಿಗೆ ಅಲ್ಲ, ವಸೂಲಿ. ಊರಲ್ಲಿ ಸಾಲ ತೀರಿಸ್ತಿರೋ, ತಂಗಿ ಮದುವೆಗೆ ಕೂಡಿಡ್ತಿರೋ ಹುಡುಗ ಇಲ್ಲ ಅನ್ನೋಕಾಗದೆ ಕೊಡ್ತಾನೆ. ಕೊಟ್ಟವರ ಹೆಸರು, ಮೊತ್ತ ಕಾಣದ ಹಾಗೆ ಲಿಂಕ್ ಇಡಿ, ಒಂದೇ ಸಲ ಹೇಳಿ, ಮತ್ತೆ ನೆನಪಿಸ್ಬೇಡಿ. ರೈಡ್ ಮುಗಿದ ಮೇಲೆ ಎಷ್ಟು ಬಂತು, ಖರ್ಚು ಎಷ್ಟು, ತಲುಪಿದ್ದು ಎಷ್ಟು ಅಂತ ಅದೇ ಗುಂಪಿನಲ್ಲಿ ಲೆಕ್ಕ ಹಾಕಿ. ಐಫೆಲ್ ಟವರ್ ಫೋಟೋಗಿಂತ ಮೊದಲು ಅದು ಹೋಗಲಿ.

ಮೂರನೇ ದಿನಕ್ಕೆ ಒಂದು ಕಾರಣ

ಇಷ್ಟೆಲ್ಲ ಹೇಳಿದ ಮೇಲೆ ಒಂದು ಪ್ರಶ್ನೆ ಉಳಿಯುತ್ತೆ. ದುಡ್ಡು ಕೊಡೋದಾದ್ರೆ ಸುಮ್ನೆ ಕೊಟ್ಟುಬಿಡಬಹುದಲ್ಲ, ಸೈಕಲ್ ಯಾಕೆ? ನ್ಯಾಯವಾದ ಪ್ರಶ್ನೆ. ವಿಮಾನದ ಟಿಕೆಟ್, ವೀಸಾ, ಹೋಟೆಲ್ ಸೇರಿಸಿದ್ರೆ, ಎಷ್ಟೋ ಸಲ ನಾವು ಸಂಗ್ರಹಿಸಿದ್ದಕ್ಕಿಂತ ಖರ್ಚೇ ಹೆಚ್ಚಾಗಿರುತ್ತೆ. ಆ ಲೆಕ್ಕ ಮಾಡಿ, ಸರಿ ಅನ್ನಿಸದಿದ್ರೆ ಇಲ್ಲೇ ಪುಣೆ–ಗೋವಾನೋ, ಚೆನ್ನೈ–ಪುದುಚೇರಿನೋ ತುಳಿದು ಅದೇ ಕೆಲಸ ಮಾಡಬಹುದು. ಯಾವ ದಾರಿಯೂ ಚಿಕ್ಕದಲ್ಲ.

ಹೋಗೋದಾದ್ರೆ ಮಾತ್ರ, ಯಾರಿಗಾಗಿ ಅನ್ನೋದು ನಿಮಗೆ ಸ್ಪಷ್ಟ ಇರಲಿ. ಆ ಸಂಸ್ಥೆ ಏನು ಮಾಡುತ್ತೆ ಅಂತ ಒಂದು ಶನಿವಾರ ಹೋಗಿ ನೋಡಿ ಬನ್ನಿ. ಯಾಕಂದ್ರೆ ಮೂರನೇ ದಿನ ಬೆಳಗ್ಗೆ ಮಂಡಿ ಬಿಗಿದಾಗ, ಮಳೆ ಹನಿತಾ ಇರುವಾಗ, ಇನ್ನೂ 110 ಕಿಲೋಮೀಟರ್ ಇದೆ ಅಂದಾಗ, ಮೆಡಲ್ ನೆನಪಾಗಿ ಯಾರೂ ಸೈಕಲ್ ಹತ್ತಲ್ಲ. ಕೊಟ್ಟ ಮಾತು ನೆನಪಾಗಿ ಹತ್ತುತ್ತಾರೆ, ಪಕ್ಕದಲ್ಲಿ ಇನ್ನೊಬ್ಬರು ಹೆಲ್ಮೆಟ್ ಹಾಕ್ಕೋತಿದ್ದಾರೆ ಅಂತ ಹತ್ತುತ್ತಾರೆ.

ಮಾಡ್ಬೇಕಾದ ಮೊದಲ ಕೆಲಸ ತುಂಬಾ ಚಿಕ್ಕದು. ಈ ಶನಿವಾರ 20 ಕಿಲೋಮೀಟರ್. ಭಾನುವಾರ ಮತ್ತೆ 20. ದೂರ ಮುಖ್ಯ ಅಲ್ಲ, ಎರಡನೇ ದಿನ ಏಳೋದು ಮುಖ್ಯ. ಹುಷಾರಾಗಿ ತುಳೀರಿ, ಹೆಲ್ಮೆಟ್ ಮರೀಬೇಡಿ. ಮುಂದಿನ ವಾರ ಇನ್ನೊಂದು ವಿಷಯದ ಜೊತೆ ಸಿಗೋಣ.